ಕಟ್ಟಿದ ದುಡ್ಡಿಗೆ ಲೆಕ್ಕ ಕೊಡಿ, ಕನ್ನಡದಲ್ಲಿ ಕೊಡಿ



ಈ ವಾರ ನಿಮ್ಮ ಮನೆಯ ಬೀರು ತೆಗೆದು ನೋಡಿ. ಅಪ್ಪ ಜೋಪಾನವಾಗಿಟ್ಟ ಒಂದು ಪ್ಲಾಸ್ಟಿಕ್ ಕವರ್ ಸಿಗುತ್ತದೆ. ಸೈಟಿನ ಕ್ರಯಪತ್ರ, ಖಾತಾ ನಕಲು, ಕಂದಾಯದ ರಸೀದಿ, ಕರೆಂಟು-ನೀರಿನ ಡಿಪಾಜಿಟ್ ಚೀಟಿಗಳ ನಡುವೆ ಒಂದು ಚಲನ್ ಇರುತ್ತದೆ. ಅದರ ಮೇಲೆ 'ಅಭಿವೃದ್ಧಿ ಶುಲ್ಕ' ಎಂದೋ, 'ಸುಧಾರಣಾ ಶುಲ್ಕ' ಎಂದೋ, 'ಬೆಟರ್‌ಮೆಂಟ್ ಚಾರ್ಜ್' ಎಂದೋ ಬರೆದಿರುತ್ತದೆ. ಈ ದುಡ್ಡು ಯಾವುದಕ್ಕೆ ಕಟ್ಟಿದ್ದು ಎಂದು ಅಪ್ಪನನ್ನು ಕೇಳಿ. 'ಖಾತಾ ಆಗಬೇಕಾದ್ರೆ ಕಟ್ಟು ಅಂದ್ರು, ಕಟ್ಟಿದೆ' ಎನ್ನುತ್ತಾರೆ. ಆ ದುಡ್ಡಿನಿಂದ ಯಾವ ರಸ್ತೆ ಆಯಿತು, ಯಾವ ಮೋರಿ ಆಯಿತು ಎಂದು ಕೇಳಿ. ಅವರಿಗೆ ಗೊತ್ತಿಲ್ಲ. ಕಟ್ಟಿಸಿಕೊಂಡ ಕಚೇರಿಗೆ ಹೋಗಿ ಕೇಳಿದರೂ ಬೆರಳಿಟ್ಟು ತೋರಿಸುವವರು ಸಿಗುವುದಿಲ್ಲ.

ನಾಮಫಲಕದ ಹೋರಾಟ, ಬ್ಯಾಂಕಿನ ಕೌಂಟರಿನ ಕನ್ನಡದ ಹೋರಾಟ ಇದ್ದೇ ಇದೆ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ನಮ್ಮ ಊರನ್ನು ನಮ್ಮ ಕೈಯಿಂದ ಜಾರಿಸುತ್ತಿರುವುದು ಬೋರ್ಡು ಒಂದೇ ಅಲ್ಲ. ಊರು ಬೆಳೆಸಲು ಎಂದು ದುಡ್ಡು ಎತ್ತುತ್ತಾರೆ. ಆ ದುಡ್ಡಿಗೆ ಬಾಯಿಲ್ಲ, ವಿಳಾಸವಿಲ್ಲ, ಲೆಕ್ಕವಿಲ್ಲ. ಇವತ್ತು ಅದರ ಬಗ್ಗೆ ಮಾತಾಡೋಣ. ಸ್ವಲ್ಪ ಕೂಡುವ ಕಳೆಯುವ ಲೆಕ್ಕವಿದೆ, ಬೇಸರಪಡದೆ ಓದಿ.

ಶುಲ್ಕ ತಪ್ಪೇ?

ಮೊದಲು ಒಂದು ಮಾತು ನೇರವಾಗಿ ಹೇಳುತ್ತೇವೆ. ಅಭಿವೃದ್ಧಿ ಶುಲ್ಕ ಎಂಬುದು ತಾನಾಗಿ ಅನ್ಯಾಯವಲ್ಲ. ಊರು ಬೆಳೆಯಬೇಕಾದರೆ ದುಡ್ಡು ಬೇಕು. ಎಷ್ಟು ಬೇಕು ಎಂಬುದಕ್ಕೆ ಕಣ್ಣ ಮುಂದಿನ ಒಂದು ಲೆಕ್ಕ ನೋಡಿ.

ಕಾವೇರಿ ನೀರು ಬೆಂಗಳೂರಿಗೆ ಮೊದಲು ಬಂದದ್ದು 1974ರಲ್ಲಿ. ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ತೊರೆಕಾಡನಹಳ್ಳಿಯಲ್ಲಿ. ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಕಡೆ ಪಂಪ್ ಮಾಡಿ, ಬೆಟ್ಟ ಹತ್ತಿಸಿ ನೀರು ತರಬೇಕು. ಈ ಹಂತದಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಬರುತ್ತದೆ. ಸರ್ಕಾರ ಹೇಳಿದ ಖರ್ಚು ಸುಮಾರು 4,336 ಕೋಟಿ ರೂಪಾಯಿ. ಭಾಗಿಸಿ ನೋಡಿ. ದಿನಕ್ಕೆ ಒಂದು ಲೀಟರ್ ನೀರು ಊರಿನ ಬಾಗಿಲಿಗೆ ತರಲು ಸುಮಾರು 56 ರೂಪಾಯಿ ಬಂಡವಾಳ ಹಾಕಬೇಕಾಯಿತು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ಕು ಜನರ ಮನೆಗೆ 540 ಲೀಟರ್. ಅಂದರೆ ಊರಿಗೆ ಹೊಸದಾಗಿ ಸೇರುವ ಒಂದೊಂದು ಮನೆಗೆ, ಬರೀ ನೀರು ತರಲು, ಸುಮಾರು 30 ಸಾವಿರ ರೂಪಾಯಿ. ಪಂಪಿನ ಕರೆಂಟು ಬಿಲ್ಲು ಬೇರೆ. ಮನೆಗೆ ಬಂದ ನೀರು ಹೊರಗೆ ಹೋಗಲು ಒಳಚರಂಡಿ ಬೇಕು, ಅದನ್ನು ಶುದ್ಧ ಮಾಡುವ ಘಟಕ ಬೇಕು. ರಸ್ತೆ, ರಾಜಕಾಲುವೆ, ಶಾಲೆ, ಆಟದ ಬಯಲು, ಬಸ್ ಡಿಪೋ ಬೇಕು. ಎಲ್ಲದಕ್ಕೂ ದುಡ್ಡು.

ಈ ದುಡ್ಡು ಕೊಡುವವರು ಯಾರು? ಮೂರೇ ಜೇಬುಗಳಿವೆ. ಮೊದಲನೆಯದು, ಈಗಾಗಲೇ ಊರಿನಲ್ಲಿರುವವರ ಜೇಬು. ಕಂದಾಯ ಏರಿಸುವುದು, ನೀರಿನ ದರ ಏರಿಸುವುದು. 2025ರ ಏಪ್ರಿಲ್‌ನಲ್ಲಿ ಜಲಮಂಡಳಿ ಹನ್ನೊಂದು ವರ್ಷಗಳ ನಂತರ ದರ ಏರಿಸಿತಲ್ಲ, ಅದು ಈ ಜೇಬು. ಎರಡನೆಯದು ಸಾಲ. ಐದನೇ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆಯ ಸಾಲ ತಂದರು. ಅದನ್ನು ತೀರಿಸುವವರು ನೀವು, ನಿಮ್ಮ ಮಕ್ಕಳು. ಮೂರನೆಯದು, ಊರು ಬೆಳೆದದ್ದರಿಂದ ಲಾಭ ಮಾಡಿಕೊಂಡವರ ಜೇಬು. ಹೊಲವನ್ನು ಲೇಔಟ್ ಮಾಡಿದವನು, ಹತ್ತು ಅಂತಸ್ತು ಎಬ್ಬಿಸಿದವನು, ರಸ್ತೆ ಬರುವ ಸುದ್ದಿ ಮೊದಲೇ ತಿಳಿದು ಜಮೀನು ಹಿಡಿದವನು. ಅಭಿವೃದ್ಧಿ ಶುಲ್ಕ ಹುಟ್ಟಿದ್ದು ಈ ಮೂರನೇ ಜೇಬಿಗೆ ಕೈ ಹಾಕಲು.

ಆ ಆಲೋಚನೆ ಹೊಸದೂ ಅಲ್ಲ. ಊರು ತನ್ನ ದುಡ್ಡಿನಲ್ಲಿ ಒಂದು ರಸ್ತೆ ಮಾಡುತ್ತದೆ. ಪಕ್ಕದ ಜಮೀನಿನ ಬೆಲೆ ಮಾಲೀಕ ಕಡ್ಡಿ ಅಲ್ಲಾಡಿಸದಿದ್ದರೂ ಏರುತ್ತದೆ. ಏರಿದ ಬೆಲೆಯಲ್ಲಿ ಒಂದು ಪಾಲು ಊರಿಗೆ ವಾಪಸ್ ಬರಬೇಕು. ಇದೇ ಬೆಟರ್‌ಮೆಂಟ್. ನಮ್ಮ 1976ರ ಬಿಡಿಎ ಕಾಯಿದೆಯಲ್ಲಿ ಬೆಟರ್‌ಮೆಂಟ್ ತೆರಿಗೆ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 18ನೇ ಸೆಕ್ಷನ್‌ನಲ್ಲಿ ಭೂ ಉಪಯೋಗ ಬದಲಾವಣೆಗೆ ಶುಲ್ಕ ಇದೆ. ಅದರ 18-ಎ ಸೆಕ್ಷನ್‌ನಲ್ಲಿ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ ಇವುಗಳ ಹೆಸರಿನಲ್ಲಿ ಸೆಸ್ಸು, ಸರ್ಚಾರ್ಜು ಇದೆ. ದೊಡ್ಡ ಕಟ್ಟಡಗಳಿಗೆ ಜಲಮಂಡಳಿಯ ಪ್ರೋ-ರೇಟಾ ಶುಲ್ಕ ಇದೆ. ಕಾಯಿದೆಗೆ ಬರವಿಲ್ಲ. ಬರ ಇರುವುದು ಲೆಕ್ಕಕ್ಕೆ.

ಮೊದಲು ಕಟ್ಟು, ಆಮೇಲೆ ಕಾಯಿ

2007ರಲ್ಲಿ ಬೆಂಗಳೂರನ್ನು 'ಬೃಹತ್' ಮಾಡಿದರು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಂದೇ ಏಟಿಗೆ ಪಾಲಿಕೆಗೆ ಸೇರಿಸಿದರು. ವರ್ತೂರು, ಬೆಳ್ಳಂದೂರು, ಹೊರಮಾವು, ಬೇಗೂರು ಇವೆಲ್ಲ ಆ 110ರ ಪಟ್ಟಿಯವು. ತಲೆಮಾರುಗಳಿಂದ ರಾಗಿ ಬೆಳೆದ ಊರುಗಳು. ಅವತ್ತಿನಿಂದ ಆ ಜನ ಪಾಲಿಕೆಗೆ ಕಂದಾಯ ಕಟ್ಟಿದರು. ಖಾತಾ ಬೇಕೆಂದವರು ಸುಧಾರಣಾ ಶುಲ್ಕ ಕಟ್ಟಿದರು. ಮನೆ ಕಟ್ಟುವವರು ನಕ್ಷೆಗೆ, ಪರವಾನಗಿಗೆ ಕಟ್ಟಿದರು. ಆ 110 ಹಳ್ಳಿಗಳಿಗೆಂದು ಹಾಕಿಕೊಂಡ ಕಾವೇರಿ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! 2007ರಲ್ಲಿ ಹುಟ್ಟಿದ ಮಗು ಪಿಯುಸಿಗೆ ಬಂತು.

ಆ ಹದಿನೇಳು ವರ್ಷ ಅವರು ಏನು ಕುಡಿದರು? ಬೋರ್‌ವೆಲ್ ನೀರು. ಅದು ಬತ್ತಿದಾಗ ಟ್ಯಾಂಕರ್ ನೀರು. 2024ರ ಮಾರ್ಚ್‌ನಲ್ಲಿ ಊರಿನ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಒಪ್ಪಿಕೊಂಡಿತು. ಆಗ ಟ್ಯಾಂಕರಿನವನು ಕೇಳಿದ್ದೇ ರೇಟು. ಅಂದರೆ ಒಂದು ಸಲ ಪಾಲಿಕೆಗೆ ಕಟ್ಟಿದರು, ಇನ್ನೊಂದು ಸಲ ಟ್ಯಾಂಕರಿಗೆ ಕಟ್ಟಿದರು, ಕಾವೇರಿ ಬಂದ ಮೇಲೆ ಕನೆಕ್ಷನ್‌ಗೆಂದು ಮತ್ತೊಂದು ಸಲ ಕಟ್ಟಬೇಕು. ಒಂದೇ ನೀರಿಗೆ ಮೂರು ಸಲ. ನಾವು ಕೇಳುವುದು ಇಷ್ಟೇ. 2007ರಿಂದ ಆ ಹಳ್ಳಿಗಳಿಂದ ಎತ್ತಿದ ಸುಧಾರಣಾ ಶುಲ್ಕ ಒಟ್ಟು ಎಷ್ಟು? ಅದರಲ್ಲಿ ಆಯಾ ಹಳ್ಳಿಗೆ ಖರ್ಚಾದದ್ದು ಎಷ್ಟು? ಹಳ್ಳಿವಾರು ಹಾಳೆ ತೆಗೆದು ಗೋಡೆಗೆ ಅಂಟಿಸಿ.

ಇನ್ನು ವರ್ತುಲ ರಸ್ತೆ. ಪೆರಿಫೆರಲ್ ರಿಂಗ್ ರೋಡಿಗೆ ಬಿಡಿಎ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ. ಇಪ್ಪತ್ತು ವರ್ಷ ಕಳೆದರೂ ರಸ್ತೆ ಆಗಲಿಲ್ಲ, ಅದಕ್ಕೆ 'ಬೆಂಗಳೂರು ಬಿಸಿನೆಸ್ ಕಾರಿಡಾರ್' ಎಂಬ ಹೊಸ ಹೆಸರು ಮಾತ್ರ ಬಂತು. ಹೆಸರಾದರೂ ಕನ್ನಡದಲ್ಲಿಡಲು ಇವರಿಗೆ ಮನಸ್ಸು ಬರಲಿಲ್ಲ. ಅಧಿಸೂಚನೆಯೊಳಗೆ ಸಿಕ್ಕಿದ ರೈತ ಜಮೀನು ಮಾರಲಾರ, ಮನೆ ಕಟ್ಟಲಾರ, ಬ್ಯಾಂಕಿನಲ್ಲಿ ಸಾಲ ಎತ್ತಲಾರ. ಪಹಣಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಊರಿನ ಬೆಳವಣಿಗೆಗೆ ಅವನು ಕಟ್ಟಿದ ಶುಲ್ಕ ಯಾವ ಚಲನ್‌ನಲ್ಲೂ ಕಾಣುವುದಿಲ್ಲ.

ಯಾರಿಗೆ ಏಟು, ಯಾರಿಗೆ ರಿಯಾಯಿತಿ

ಮೂರನೇ ಜೇಬಿಗೆ ಕೈ ಹಾಕಬೇಕಾದ ಶುಲ್ಕ ನಮ್ಮಲ್ಲಿ ಯಾರ ಜೇಬಿಗೆ ಬಿತ್ತು ನೋಡಿ. ಪೀಣ್ಯದ ಕಾರ್ಖಾನೆಯಲ್ಲಿ ದುಡಿದವನು, ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದವನು, ಹೂವು ಮಾರಿ ಚೀಟಿ ಹಾಕಿದವಳು, ಇವರು ಊರಾಚೆ ಒಂದು 20-30ರ ರೆವಿನ್ಯೂ ಸೈಟ್ ಕೊಂಡರು. ಬಿಡಿಎ ಸೈಟು ಸಿಗುವ ಕಾಲಕ್ಕೆ ಮಗನಿಗೆ ಮದುವೆಯಾಗಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಎಕರೆ ಲೆಕ್ಕದಲ್ಲಿ ರೈತನಿಂದ ಕೊಂಡು, ಚದರಡಿ ಲೆಕ್ಕದಲ್ಲಿ ಇವರಿಗೆ ಮಾರಿದ ಲೇಔಟ್ ಮಾಲೀಕ ರಸ್ತೆ ಬಿಡಲಿಲ್ಲ, ಪಾರ್ಕು ಬಿಡಲಿಲ್ಲ, ಒಳಚರಂಡಿ ಹಾಕಲಿಲ್ಲ, ಸರ್ಕಾರಕ್ಕೆ ಬಿಡಿಗಾಸು ಕಟ್ಟಲಿಲ್ಲ. ದುಡ್ಡು ಎಣಿಸಿಕೊಂಡು ಹೋದ. ಉಪನೋಂದಣಿ ಕಚೇರಿ ಕಣ್ಣು ಮುಚ್ಚಿಕೊಂಡು ರಿಜಿಸ್ಟರ್ ಮಾಡಿತು. ಆಮೇಲೆ ಪಾಲಿಕೆ ಬಂದು, ಮಾರಿದವನನ್ನು ಬಿಟ್ಟು ಕೊಂಡವನ ಕೊರಳಪಟ್ಟಿ ಹಿಡಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಬಿ ಖಾತಾ ಎಂದರೇನು? 'ನಿನ್ನ ಕಂದಾಯ ಬೇಕು, ನಿನಗೆ ಮಾನ್ಯತೆ ಕೊಡುವುದಿಲ್ಲ' ಎಂದು ಸರ್ಕಾರ ಬರೆದುಕೊಟ್ಟ ಚೀಟಿ. ಅಕ್ರಮ-ಸಕ್ರಮ ಎಂದು ಒಂದು ಯೋಜನೆ ತಂದರು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿಗೆ ನಿಂತಿತು. 2025ರಲ್ಲಿ ಬಿ ಖಾತೆಯನ್ನು ಎ ಖಾತೆ ಮಾಡಿಕೊಡುತ್ತೇವೆ, ಮಾರ್ಗಸೂಚಿ ಬೆಲೆಯ ಲೆಕ್ಕದಲ್ಲಿ ಶುಲ್ಕ ಕಟ್ಟಿ ಎಂದರು. ಕಟ್ಟಲು ಜನ ಮುಂದೆ ಬರುತ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ಆದರೆ ಆ ದುಡ್ಡು ಅದೇ ಬಡಾವಣೆಯ ಮೋರಿಗೆ ಹೋಗುತ್ತದೋ, ಇನ್ನೆಲ್ಲೋ ಸುರಂಗ ಕೊರೆಯಲು ಹೋಗುತ್ತದೋ? ಬರೆದುಕೊಡಿ ಎಂದು ಕೇಳುವುದು ತಪ್ಪೇ?

ಉಡುಪಿಯ ಮಠ ಕಲಿಸಿದ ಪಾಠ

ಹೀಗೆ ಕೇಳುವ ಹಕ್ಕು ನಮಗೆಲ್ಲಿದೆ ಎಂದು ಯಾರಾದರೂ ಗದರಿದರೆ ಅವರಿಗೆ ಶಿರೂರು ಮಠದ ಹೆಸರು ಹೇಳಿ. ಉಡುಪಿಯ ಅಷ್ಟ ಮಠಗಳಲ್ಲೊಂದು. ದಕ್ಷಿಣ ಕನ್ನಡ ಇನ್ನೂ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಅಲ್ಲಿನ ಧಾರ್ಮಿಕ ದತ್ತಿ ಇಲಾಖೆ ಮಠಗಳ ಮೇಲೆ ಹಾಕಿದ ವಂತಿಗೆಯೂ ಸೇರಿದಂತೆ ಹಲವು ವಿಷಯಗಳ ಮೇಲೆ ಶಿರೂರು ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತೆರಿಗೆ ಬೇರೆ, ಶುಲ್ಕ ಬೇರೆ ಎಂಬ ಗೆರೆಯನ್ನು ಈ ದೇಶಕ್ಕೆ ಎಳೆದುಕೊಟ್ಟದ್ದು ಆ ತೀರ್ಪು. ತೆರಿಗೆ ಸರ್ಕಾರದ ದೊಡ್ಡ ಹುಂಡಿಗೆ ಹೋಗುತ್ತದೆ, ಎಲ್ಲಕ್ಕೂ ಖರ್ಚಾಗುತ್ತದೆ. ಶುಲ್ಕ ಹಾಗಲ್ಲ. ಅದು ಒಂದು ಸೇವೆಗೆ ಪ್ರತಿಯಾಗಿ ಕೊಡುವ ದುಡ್ಡು. ಅದನ್ನು ಆ ಸೇವೆಗೆಂದು ಬೇರೆ ಇಡಬೇಕು, ಹುಂಡಿಗೆ ಬೆರೆಸಬಾರದು ಎಂದಿತು.

ನಿಜ, ಆಮೇಲಿನ ತೀರ್ಪುಗಳು ಈ ಗಂಟನ್ನು ಸಡಿಲ ಮಾಡಿದವು. ರೂಪಾಯಿಗೆ ರೂಪಾಯಿ ಲೆಕ್ಕ ಬೇಡ, ಶುಲ್ಕಕ್ಕೂ ಸೇವೆಗೂ ಸ್ಥೂಲ ಸಂಬಂಧ ಇದ್ದರೆ ಸಾಕು ಎಂದವು. ಆದರೆ ಸೇವೆಗೆಂದು ಎತ್ತುವ ಶುಲ್ಕಕ್ಕೆ ಸೇವೆಯ ಸಂಬಂಧವೇ ಬೇಡ ಎಂದು ಅವು ಹೇಳಲಿಲ್ಲ. ಕಾಯಿದೆಯ ಬೆಂಬಲವಿಲ್ಲದೆ ತೆರಿಗೆ ಎತ್ತುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. 2021ರಲ್ಲಿ ನಮ್ಮ ಹೈಕೋರ್ಟ್, ಬಿಬಿಎಂಪಿ ಕಟ್ಟಡ ಕಟ್ಟುವವರಿಂದ ವಸೂಲಿ ಮಾಡುತ್ತಿದ್ದ ನೆಲಬಾಡಿಗೆ ಮುಂತಾದ ಕೆಲವು ಬಾಬತ್ತುಗಳಿಗೆ ಕಾಯಿದೆಯ ಆಧಾರ ಎಲ್ಲಿದೆ ಎಂದು ಕೇಳಿ, ಅವನ್ನು ತಳ್ಳಿಹಾಕಿತು. ವರ್ಷಾನುಗಟ್ಟಲೆ ವಸೂಲಿ ಮಾಡಿದ ಮೇಲೆ ಎದ್ದ ಪ್ರಶ್ನೆ ಅದು! ಕಟ್ಟುವ ಮೊದಲು ಕೇಳುವ ಅಭ್ಯಾಸ ನಮಗಿದ್ದಿದ್ದರೆ ಅಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಬೇರೆಯವರು ಹೇಗೆ ಮಾಡಿದರು

ಲೆಕ್ಕ ಇಡುವುದು ಆಗದ ಕೆಲಸ ಎಂದು ಇಂಜಿನಿಯರುಗಳು ತಲೆ ಕೆರೆದುಕೊಳ್ಳಬಹುದು. ಹಾಗಾದರೆ ಇಟ್ಟವರನ್ನು ನೋಡೋಣ. ಒಂದು ದೂರದ ಊರು, ಒಂದು ನಮ್ಮ ದೇಶದ್ದೇ.

ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ಅಭಿವೃದ್ಧಿ ಶುಲ್ಕಕ್ಕೆಂದೇ 1997ರ ಒಂದು ಕಾಯಿದೆ ಇದೆ. ಟೊರಾಂಟೋ ಸುತ್ತಮುತ್ತ ಹೊಸ ಮನೆ ಕೊಂಡ ನಮ್ಮ ಕನ್ನಡಿಗರೂ ಮನೆಯ ಬೆಲೆಯೊಳಗೆ ಈ ಶುಲ್ಕ ಕೊಟ್ಟವರೇ. ಅಲ್ಲಿ ನಗರಸಭೆ ಮನಸ್ಸಿಗೆ ಬಂದ ದರ ಹಾಕುವಂತಿಲ್ಲ. ಮೊದಲು ಒಂದು ಅಧ್ಯಯನ ವರದಿ ಮಾಡಬೇಕು. ಇಷ್ಟು ಜನ ಹೊಸದಾಗಿ ಬರುತ್ತಾರೆ, ಅವರಿಗೆ ಇಂತಿಂಥ ಪೈಪು, ರಸ್ತೆ ಬೇಕು, ಖರ್ಚು ಇಷ್ಟು ಎಂದು ಬರೆಯಬೇಕು. ಅದೇ ಪೈಪಿನಿಂದ ಹಳಬರಿಗೂ ಅನುಕೂಲವಾದರೆ ಅವರ ಪಾಲಿನ ಖರ್ಚು ಕಳೆಯಬೇಕು, ಹೊಸಬರ ತಲೆಗೆ ಕಟ್ಟುವಂತಿಲ್ಲ. ಸಾರ್ವಜನಿಕ ಸಭೆ ಕರೆಯಬೇಕು. ನೀರಿನ ದುಡ್ಡು ನೀರಿನ ನಿಧಿಗೆ, ರಸ್ತೆಯ ದುಡ್ಡು ರಸ್ತೆಯ ನಿಧಿಗೆ ಎಂದು ಬೇರೆ ಬೇರೆ ಇಡಬೇಕು. ನಗರಸಭೆಯ ಖಜಾಂಚಿ ವರ್ಷಕ್ಕೊಮ್ಮೆ ಜಮಾ-ಖರ್ಚು ಒಪ್ಪಿಸಬೇಕು. ಒಪ್ಪದವರು ಮೇಲ್ಮನವಿ ಹಾಕಬಹುದು. ಅಲ್ಲೂ ಜಗಳವಿದೆ. ಶುಲ್ಕದಿಂದ ಮನೆ ದುಬಾರಿಯಾಗುತ್ತದೆ ಎಂದು ಬಿಲ್ಡರುಗಳು ಕೂಗಿದರು, 2022ರಲ್ಲಿ ಅಲ್ಲಿನ ಸರ್ಕಾರ ಶುಲ್ಕಕ್ಕೆ ಕಡಿವಾಣ ಹಾಕಿತು. ನಗರಸಭೆಗಳು ಹಾಗಾದರೆ ಪೈಪಿಗೆ ದುಡ್ಡು ಎಲ್ಲಿಂದ ಎಂದು ತಿರುಗಿಬಿದ್ದವು. ಜಗಳವಾಡಲಿಕ್ಕಾದರೂ ಅವರ ಕೈಯಲ್ಲಿ ಅಂಕಿ ಇದೆ. ನಮ್ಮ ಕೈಯಲ್ಲಿ ಚಲನ್ ಮಾತ್ರ ಇದೆ.

ಅಷ್ಟು ದೂರ ಬೇಡ ಎನ್ನುವವರು ಅಹಮದಾಬಾದಿಗೆ ಹೋಗಿ ಬನ್ನಿ. ಗುಜರಾತಿನಲ್ಲಿ ಊರು ಬೆಳೆಯುವ ದಿಕ್ಕಿನ ಜಮೀನನ್ನೆಲ್ಲ ಒಟ್ಟು ಸೇರಿಸಿ ಟೌನ್ ಪ್ಲಾನಿಂಗ್ ಸ್ಕೀಮ್ ಮಾಡುತ್ತಾರೆ. ಈ ಪದ್ಧತಿಯ ಬೇರು 1915ರ ಬಾಂಬೆ ಕಾಯಿದೆಯಲ್ಲಿದೆ. ಪ್ರತಿಯೊಬ್ಬ ಮಾಲೀಕನೂ ತನ್ನ ಜಮೀನಿನಲ್ಲಿ ಒಂದು ಪಾಲು ರಸ್ತೆಗೆ, ಪಾರ್ಕಿಗೆ, ಶಾಲೆಗೆ ಬಿಡುತ್ತಾನೆ. ಉಳಿದದ್ದನ್ನು ಅಚ್ಚುಕಟ್ಟಾದ ನಿವೇಶನ ಮಾಡಿ ಅವನಿಗೇ ವಾಪಸ್ ಕೊಡುತ್ತಾರೆ. ಬೆಲೆ ಏರಿದ್ದರಲ್ಲಿ ಒಂದು ಪಾಲನ್ನು ಅವನಿಂದ ಪಡೆದು ಅದೇ ಸ್ಕೀಮಿನ ರಸ್ತೆ, ಚರಂಡಿಗೆ ಹಾಕುತ್ತಾರೆ. ಅಹಮದಾಬಾದಿನ ಸುತ್ತ 76 ಕಿಲೋಮೀಟರಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಜಮೀನು ಬಹುಪಾಲು ಸಿಕ್ಕಿದ್ದು ಈ ದಾರಿಯಲ್ಲಿ. ಆ ಪದ್ಧತಿಯಲ್ಲೂ ಕುಂದುಗಳಿವೆ. ಸ್ಕೀಮು ಮುಗಿಯಲು ವರ್ಷಗಟ್ಟಲೆ ಹಿಡಿಯುತ್ತದೆ, ಸಣ್ಣ ಹಿಡುವಳಿದಾರನಿಗೆ ಒಂದು ಪಾಲು ಬಿಡುವುದು ಸುಲಭವಲ್ಲ. ಆದರೂ ಅಲ್ಲಿ ರಸ್ತೆ ಆಯಿತು. ನಮ್ಮಲ್ಲಿ 2005ರ ಅಧಿಸೂಚನೆ ಉಳಿಯಿತು.

ಬೆರಳು ಎತ್ತ ತೋರಿಸುತ್ತೀರಿ?

ಇಲ್ಲಿ ನಿಮ್ಮೊಂದಿಗೆ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು. ನೀರು ಬರದ ದಿನ, ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡ ದಿನ, ನಮ್ಮ ಹುಡುಗರ ಬಾಯಲ್ಲಿ ಮೊದಲು ಬರುವ ಮಾತು 'ಹೊರಗಿನವರು ಬಂದು ಊರು ಕೆಡಿಸಿದರು' ಎಂದು. ಬಂದವರು ಕನ್ನಡ ಕಲಿಯಬೇಕು, ಇಲ್ಲಿನವರಿಗೆ ಇಲ್ಲಿ ಕೆಲಸ ಸಿಗಬೇಕು. ಈ ಪತ್ರಿಕೆ ಅದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ಆದರೆ ನೀರಿನ ಪೈಪು ಹಾಕದಿದ್ದವನು ಬಿಹಾರದ ಗಾರೆ ಕೆಲಸದವನಲ್ಲ. ಕೆರೆ ಮುಚ್ಚಿ ಲೇಔಟ್ ಮಾಡಲು ಸಹಿ ಹಾಕಿದವನು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಯಲ್ಲ. ಸಹಿ ಹಾಕಿದವರಲ್ಲಿ ಎಷ್ಟೋ ಮಂದಿ ನಮ್ಮವರೇ, ವೇದಿಕೆಯ ಮೇಲೆ ಶಾಲು ಹೊದ್ದು ಕನ್ನಡಾಂಬೆಗೆ ಜೈ ಎನ್ನುವವರೇ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಮುಳುಗಿದಾಗ ರಾಜಕಾಲುವೆಯ ಮೇಲೆ ಕಟ್ಟಿದವರ ಜೊತೆಗೆ, ಕಟ್ಟಲು ಬಿಟ್ಟವರ ಹೆಸರೂ ಕೇಳಬೇಕಿತ್ತು.

ಊರಿಗೆ ಹೊಸದಾಗಿ ಬಂದವರು ನಿಯಮದ ಪ್ರಕಾರ ತಮ್ಮ ಪಾಲು ಕಟ್ಟಿ, ಆ ಪಾಲಿನಿಂದ ಪೈಪು ಬಂದರೆ, ಹಳಬರ ಕೊಡ ಖಾಲಿಯಾಗುವುದಿಲ್ಲ. ಲೆಕ್ಕ ನೆಟ್ಟಗಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಲೆಕ್ಕ ಮುಚ್ಚಿಟ್ಟವರಿಗೆ ನಾವು ನಾವೇ ಬಡಿದಾಡುವುದು ಬಹಳ ಅನುಕೂಲ. ಅವರಿಗೆ ಆ ಅನುಕೂಲ ಮಾಡಿಕೊಡಬೇಡಿ.

ಇನ್ನೊಂದು ಮಾತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಅದರ ಹಿಂದೆ ಮಂಡ್ಯ, ಮೈಸೂರಿನ ರೈತರ ದಶಕಗಳ ಹೋರಾಟವಿದೆ, ಒಣಗಿದ ಗದ್ದೆಗಳಿವೆ. ಆ ನೀರು ಸೋರಿಹೋದರೆ, ಅದರ ಹೆಸರಿನಲ್ಲಿ ಎತ್ತಿದ ದುಡ್ಡು ಸೋರಿಹೋದರೆ, ಅದು ಆ ರೈತರಿಗೂ ಮಾಡಿದ ದ್ರೋಹ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ಬಹಳ ಸಂಬಂಧವಿದೆ. ದುಡ್ಡು ಕೇಳುವ ನೋಟಿಸು ಕನ್ನಡದಲ್ಲಿ ಬರುತ್ತದೆ. ದುಡ್ಡು ಎಲ್ಲಿ ಹೋಯಿತು ಎಂದು ಹೇಳುವ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಸಲಹಾ ಕಂಪನಿಗಳು ಬರೆಯುವ ಯೋಜನಾ ವರದಿ, ಟೆಂಡರ್ ದಾಖಲೆ, ಸಾಲದ ಒಪ್ಪಂದ, ಇವನ್ನು ಬೇಗೂರಿನ ರೈತ ಓದಬಲ್ಲನೇ? ನಿಮ್ಮ ಅಪ್ಪ ಓದಬಲ್ಲರೇ? ಕರ್ನಾಟಕ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. 2022ರ ಹೆಸರು ಹೊತ್ತ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ಇದೆ. ಆಡಳಿತ ಕನ್ನಡ ಎಂದರೆ ಟಿಪ್ಪಣಿಯ ಕೊನೆಯಲ್ಲಿ 'ಆದೇಶದ ಮೇರೆಗೆ' ಎಂದು ಬರೆಯುವುದಷ್ಟೇ ಅಲ್ಲ. ಜಮಾ-ಖರ್ಚು ಜನರ ಭಾಷೆಯಲ್ಲಿ ಇರಬೇಕು. ಲೆಕ್ಕ ಕೇಳಲು ಬಾರದ ಭಾಷೆಯನ್ನು ರಾಜ್ಯೋತ್ಸವದ ದಿನ ಮೆರವಣಿಗೆ ಮಾಡಿ ಏನು ಪ್ರಯೋಜನ?

ಲೆಕ್ಕ ಕೇಳಲು ಆಳು ಬೇಕಲ್ಲ, ಆ ಆಳನ್ನೂ ಕಿತ್ತುಕೊಂಡರು. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಒಬ್ಬ ಕಾರ್ಪೊರೇಟರ್ ಇಲ್ಲದೆ ಅಧಿಕಾರಿಗಳೇ ಊರು ಆಳಿದರು. 2025ರಲ್ಲಿ ಗ್ರೇಟರ್ ಬೆಂಗಳೂರು ಕಾಯಿದೆ ಜಾರಿಗೆ ಬಂತು, ಆ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಬೋರ್ಡು ಬದಲಾಯಿತು, ಸರಿ. ಹಳೆಯ ಪಾಲಿಕೆ ಎತ್ತಿದ ಶುಲ್ಕದ ಲೆಕ್ಕ ಯಾವ ಪಾಲಿಕೆಯ ಕಪಾಟಿಗೆ ಹೋಯಿತು? ಮನೆ ಪಾಲಾಗುವಾಗ ಪಾತ್ರೆ ಪಗಡದ ಪಟ್ಟಿ ಮಾಡುತ್ತಾರೆ. ಊರು ಪಾಲಾದಾಗ ಪಟ್ಟಿ ಎಲ್ಲಿ?

ನಮ್ಮ ಬೇಡಿಕೆ

ಸರ್ಕಾರದ ಮುಂದೆ, ಐದೂ ಪಾಲಿಕೆಗಳ ಮುಂದೆ, ಬಿಡಿಎ ಮತ್ತು ಜಲಮಂಡಳಿಯ ಮುಂದೆ ಐದು ಬೇಡಿಕೆ ಇಡುತ್ತೇವೆ.

ಒಂದು: ನೀರು, ಒಳಚರಂಡಿ, ರಸ್ತೆ, ಸಾರಿಗೆ, ಯಾವ ಹೆಸರಿನಲ್ಲಿ ಶುಲ್ಕ ಎತ್ತುತ್ತೀರೋ ಆ ಹೆಸರಿನ ಪ್ರತ್ಯೇಕ ಖಾತೆ ಇಡಿ. ಒಂದರ ದುಡ್ಡು ಇನ್ನೊಂದಕ್ಕೆ ಹೋಗಬಾರದು.

ಎರಡು: ದರ ನಿಗದಿಗೆ ಮೊದಲು ಕಾಮಗಾರಿಯ ಪಟ್ಟಿ, ಅಂದಾಜು ಖರ್ಚು, ಮುಗಿಯುವ ದಿನಾಂಕ ಕನ್ನಡದಲ್ಲಿ ಪ್ರಕಟಿಸಿ ವಾರ್ಡಿನಲ್ಲಿ ಸಭೆ ಕರೆಯಿರಿ.

ಮೂರು: ದಿನಾಂಕ ಮೀರಿಯೂ ಕೆಲಸ ಆಗದಿದ್ದರೆ ಕಟ್ಟಿದವರ ಕಂದಾಯದಲ್ಲಿ ಆ ದುಡ್ಡನ್ನು ಬಡ್ಡಿ ಸಮೇತ ವಜಾ ಮಾಡಿ.

ನಾಲ್ಕು: ಸಣ್ಣ ಸೈಟಿನವರಿಗೆ ವಿನಾಯಿತಿ ಕೊಡಿ. ಲೇಔಟ್ ಮಾಡಿ ಮಾರಿ ಹೋದವನಿಂದ, ದೊಡ್ಡ ಕಟ್ಟಡ ಎಬ್ಬಿಸುವವನಿಂದ, ಕೆಲಸ ಶುರುವಾಗುವ ಮೊದಲೇ ವಸೂಲಿ ಮಾಡಿ.

ಐದು: 2007ರಿಂದ ಇಲ್ಲಿಯವರೆಗೆ 110 ಹಳ್ಳಿಗಳಿಂದ ಬಂದ ಸುಧಾರಣಾ ಶುಲ್ಕದ ಬಗ್ಗೆ ಹಳ್ಳಿವಾರು ಶ್ವೇತಪತ್ರ ಹೊರಡಿಸಿ.

ನಿಮ್ಮ ಕೆಲಸ

ಬೇಡಿಕೆ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡರೆ ಯಾರೂ ಅಲ್ಲಾಡುವುದಿಲ್ಲ. ಕೆಲಸ ನಿಮ್ಮಿಂದ ಆಗಬೇಕು. ಬಹಳ ಕಷ್ಟದ್ದೇನಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ನಿಮ್ಮ ಕೈಯಲ್ಲಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಕಾಯಿದೆಯೇ ಅದಕ್ಕೆ ಅವಕಾಶ ಕೊಟ್ಟಿದೆ. ಕರ್ನಾಟಕದಲ್ಲಿ ಶುಲ್ಕ ಹತ್ತು ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಮುಗಿಸಿ. ಮೂರು ಪ್ರಶ್ನೆ ಸಾಕು. ನಮ್ಮ ಬಡಾವಣೆಯಿಂದ ವರ್ಷವಾರು ಎಷ್ಟು ಅಭಿವೃದ್ಧಿ ಶುಲ್ಕ ವಸೂಲಾಗಿದೆ? ಯಾವ ಖಾತೆಗೆ ಜಮೆಯಾಗಿದೆ? ಅದರಿಂದ ನಮ್ಮ ಬಡಾವಣೆಯಲ್ಲಿ ಯಾವ ಕಾಮಗಾರಿಗೆ ಎಷ್ಟು ಖರ್ಚಾಗಿದೆ? 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ. ಇಂಗ್ಲಿಷಿನಲ್ಲಿ ಉತ್ತರ ಬಂದರೆ ವಾಪಸ್ ಕಳಿಸಿ, ಕನ್ನಡದಲ್ಲಿ ಕೇಳಿ.

ಒಬ್ಬರೇ ಹೋಗಬೇಡಿ. ಗಲ್ಲಿಯ ನಾಲ್ಕು ಹುಡುಗರು, ಹುಡುಗಿಯರು ಸೇರಿ. ಕಾಮರ್ಸ್ ಓದಿದವರೊಬ್ಬರು, ಕಾನೂನು ಓದುತ್ತಿರುವವರೊಬ್ಬರು ಜೊತೆಗಿರಲಿ. ಹಿರಿಯರ ಚಲನ್‌ಗಳ ಜೆರಾಕ್ಸ್ ಸೇರಿಸಿ ಒಂದು ಕಡತ ಮಾಡಿ. ಬಂದ ಉತ್ತರವನ್ನು ಗಣೇಶನ ಪೆಂಡಾಲಿನಲ್ಲಿ, ಹಾಲಿನ ಬೂತಿನ ಪಕ್ಕ, ಬಸ್ ಸ್ಟಾಪಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಕಿ. ವೋಟು ಕೇಳಲು ಬಂದವನನ್ನು ಅದರ ಮುಂದೆ ನಿಲ್ಲಿಸಿ, 'ಸ್ವಾಮಿ, ಇದನ್ನು ಗಟ್ಟಿಯಾಗಿ ಓದಿ' ಎನ್ನಿ. ಜೈಕಾರ ಆಮೇಲೆ ಕೂಗೋಣ. ಬಂದ ಉತ್ತರದ ಒಂದು ಪ್ರತಿಯನ್ನು ನಮಗೂ ಕಳಿಸಿ. ಬಡಾವಣೆಯ ಹೆಸರು ಹಾಕಿ, ಕಟ್ಟಿದ್ದೆಷ್ಟು, ಆದದ್ದೆಷ್ಟು ಎಂದು ಈ ಪುಟದಲ್ಲೇ ವಾರವಾರವೂ ಅಚ್ಚು ಮಾಡುತ್ತೇವೆ.

ಸಿರಿಗನ್ನಡಂ ಗೆಲ್ಗೆ.